ಗೋಡೆಯ ಮೇಲಿನ ಬಂದರು

ಕೇಸರಿಬಾತಿನ ಗೋಡಂಬಿಯನ್ನು ಚಮಚದ ತುದಿಯಿಂದ ಪಕ್ಕಕ್ಕೆ ಸರಿಸುತ್ತ ಮಹಾಂತಮ್ಮ ಗೋಡೆಯ ಚಿತ್ರವನ್ನೇ ನೋಡುತ್ತಿದ್ದಳು. ಮಗ ಮಧುವಿಗೆ ಹೆಣ್ಣು ನೋಡಲು ಶಿವಮೊಗ್ಗದಿಂದ ಭದ್ರಾವತಿಗೆ ಬಂದಿದ್ದರು. ಹೆಣ್ಣನ್ನು ಮಧು ನೋಡುತ್ತಿದ್ದ. ಚಿತ್ರವನ್ನು ಅವನ ಅಪ್ಪ.

ಹಳೆಯ ಯುರೋಪಿನ ಬಂದರು. ಕಲ್ಲುಕಂಬಗಳ ಅರಮನೆ, ಹಾಯಿ ಇಳಿಸಿದ ಹಡಗುಗಳು, ನೀರಿನಂಚಿಗೆ ತಾಗಿ ನಿಂತ ಸೂರ್ಯ, ದಡದಲ್ಲಿ ಗಂಟಿನ ಮೇಲೆ ಕುಳಿತ ಒಬ್ಬ ಹೆಂಗಸು.

"ನಮ್ಮ ಪ್ರಿಯದರ್ಶಿನಿನೇ ಬಿಡ್ಸಿದ್ದು, ಕ್ಯಾಲೆಂಡರ್ ನೋಡ್ಕೊಂಡು," ಎಂದರು ಹುಡುಗಿಯ ತಾಯಿ, ಯಾರೂ ಕೇಳುವ ಮೊದಲೇ.

ಮಧುವಿನ ಅಪ್ಪ ಮುರುಗೇಶಪ್ಪ ಕಾಲೇಜಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ಪಾಠ ಮಾತ್ರ ನಿವೃತ್ತವಾಗಿರಲಿಲ್ಲ. "ಸೂರ್ಯಾಸ್ತ ನೋಡಿ. ಒಂದು ಸಾಮ್ರಾಜ್ಯ ಮುಳುಗ್ತಾ ಇದೆ. ಈ ಹೆಣ್ಣುಮಗಳು ತವರು ಬಿಡೋಕೆ ಗಂಟು ಕಟ್ಕೊಂಡು ಕೂತಿದ್ದಾಳೆ. ಎಂಥ ಸಂಸ್ಕಾರ ಮಾರಾಯ್ರೇ!"

ಅವಳು ಮೀನು ಮಾರುವವಳೂ ಇರಬಹುದೆಂದು ಯಾರೂ ಹೇಳಲಿಲ್ಲ.

"ನಮ್ಮನೆಯವಳೂ ಚಿತ್ರಗಾರ್ತಿನೇ. ಮದುವೆ ಆದ್ಮೇಲೆ ಬ್ರಷ್ ಮುಟ್ಲಿಲ್ಲ. ಸಂಸಾರ ನೋಡಿ, ಕಲೆನ ತಿಂದ್ಹಾಕ್ತು." ಮುರುಗೇಶಪ್ಪನವರ ಈ ನಿಟ್ಟುಸಿರು ನೆಂಟರಿಗೆಲ್ಲ ಬಾಯಿಪಾಠ. "ಏನಾದ್ರೂ ಕೇಳೇ ಹುಡುಗಿನ."

ಹುಡುಗಿಯ ತಾಯಿ ಲೋಟಗಳ ತಟ್ಟೆಯನ್ನು ಕೆಳಗಿಟ್ಟು ಮಗಳ ಪಕ್ಕಕ್ಕೆ ಬಂದರು. ಹಿಂದಿನ ಸಂಬಂಧ ಕೊನೆಗಳಿಗೆಯಲ್ಲಿ ಮುರಿದಿತ್ತು. ಇದೂ ತಪ್ಪಿದರೆ ಊರು ಮಗಳಲ್ಲೇ ಐಬು ಹುಡುಕುತ್ತಿತ್ತು.

ಮಹಾಂತಮ್ಮ ಎದ್ದು ಚಿತ್ರದ ಹತ್ತಿರ ಹೋದಳು. ಬಣ್ಣ ಬಿರುಕು ಬಿಟ್ಟಿತ್ತು. ಮೊಳೆ ಹೊಸದಾಗಿ ಹೊಳೆಯುತ್ತಿತ್ತು.

"ಈ ನೀರಿಗೆ ಯಾವ ಬಣ್ಣ ಹಾಕ್ದೆ ಮಗಾ?"

"ನೀಲಿ... ಆಂಟಿ."

ನೀರೆಲ್ಲ ಕಿತ್ತಳೆ ಬಣ್ಣಕ್ಕಿತ್ತು. ಪ್ರಿಯದರ್ಶಿನಿ ಅದನ್ನು ಈಗಷ್ಟೇ ನೋಡಿದಂತಿತ್ತು.

"ಹೂಂ, ಅಡೀಲಿ ನೀಲಿ ಬಳೀದೆ ಮೇಲೆ ಕಿತ್ತಳೆ ನಿಲ್ಲಲ್ಲ," ಎಂದಳು ಮಹಾಂತಮ್ಮ.

"ನೋಡಿದ್ರಾ? ಕಲಾವಿದೆಗೆ ಕಲಾವಿದೆ ಗೊತ್ತಾಗ್ತಾಳೆ!" ಮುರುಗೇಶಪ್ಪ ತಲೆದೂಗಿದರು.

ಹಿಂದಿರುಗುವಾಗ ಬಾಡಿಗೆ ಓಮ್ನಿ ಮಾಚೇನಹಳ್ಳಿ ದಾಟುತ್ತಿತ್ತು. "ನನಗಂತೂ ಇಷ್ಟ ಆದ್ಲು," ಎಂದ ಮಧು.

"ನಿಂದೇನೇ?" ಎಂದರು ಗಂಡ.

"ನಂಗೂ ಒಪ್ಪಿಗೆ."

ಇನ್ನೊಂದು ನಿರ್ಧಾರವನ್ನು ಅವಳು ಯಾರಿಗೂ ಹೇಳಲಿಲ್ಲ. ಸೊಸೆಯ ಕೈಗೆ ಬ್ರಷ್ ಕೊಡಲು ಯಾರೇ ಬರಲಿ, ತಾನು ಅಡ್ಡ ನಿಲ್ಲುವುದು.

ಮೂವತ್ತು ವರ್ಷಗಳ ಹಿಂದೆ ಮುರುಗೇಶಪ್ಪ ಹೆಣ್ಣು ನೋಡಲು ದುರ್ಗಿಗುಡಿಯ ಅವಳ ತವರಿಗೆ ಬಂದ ದಿನ, ಡ್ರಾಯಿಂಗ್ ಮೇಷ್ಟ್ರ ಮನೆಯಿಂದ ಎರವಲು ತಂದು ಅವಳ ಹೆಸರಿನಲ್ಲಿ ಗೋಡೆಗೆ ತೂಗುಹಾಕಿದ್ದೂ ಇದೇ ಚಿತ್ರ. ಅಂದು ಅವರು ಅದನ್ನು ಸೂರ್ಯೋದಯ ಎಂದಿದ್ದರು.