ಐದು ಕಿಲೋ ಸಾಕು

ಆಪರೇಷನ್ ಆದವರ ಮೈಭಾರವನ್ನು ಮನೆಯವರು ಕೈ ಹಿಡಿದು ತಮ್ಮ ಮೈಗೆ ದಾಟಿಸಿಕೊಂಡು ಹೊರುವುದು ಆ ಊರಿನ ಪದ್ಧತಿ. ಗರ್ಭಕೋಶ ತೆಗೆಸಿಕೊಂಡ ವಿಮಲಾಕ್ಷಿಯ ಮೈಭಾರದ ಬಹುಪಾಲು ಆರು ವಾರದಿಂದ ನಾದಿನಿ ಹೇಮಲತೆಯ ಮೇಲಿತ್ತು. ಇವತ್ತು ಡಾಕ್ಟರು ನಡಿಗೆಗೆ ಒಪ್ಪಿದ್ದರು.

ಪಾರ್ಕಿನಲ್ಲಿ ಹೇಮಲತೆ ಕೈ ಚಾಚಿದಳು. “ಅತ್ತಿಗೆ, ಪೂರ್ತಿ ತಗೊಂಡುಬಿಡಿ. ನನ್ನ ಮಂಡಿ ನಿಮ್ಮನ್ನು ಬೈತಿದೆ.”

ವಿಮಲಾಕ್ಷಿಗೂ ಆಸೆಯೇ. ಆದರೆ ಒಳಗಿನ ಹೊಲಿಗೆ ಇನ್ನೂ ಮಾಗಬೇಕಿತ್ತು. “ಇವತ್ತು ಐದೇ ಕಿಲೋ. ಉಳಿದದ್ದು ವಾರವಾರ.”

ಕೈ ಹಿಡಿದಳು. ತಕ್ಷಣ ಹುಬ್ಬೇರಿಸಿದಳು. “ಎರಡು ಕಿಲೋ ಜಾಸ್ತಿ ದಾಟಿಸಿದ್ದೀಯ. ವಾಪಸ್ ತಗೋ.”

“ಅಬ್ಬಾ, ನೀವೇನು ತಕ್ಕಡಿಯಾ!”

ವಿಮಲಾಕ್ಷಿ ನಿಧಾನವಾಗಿ ಒಂದು ಸುತ್ತು ನಡೆದಳು. ಹೊಟ್ಟೆ ಎಳೆಯಲಿಲ್ಲ. ಇನ್ನೊಂದು ಸುತ್ತಿಗೆ ಕಾಲು ತುಡಿದರೂ ನಿಂತಳು. ತಿರುಗಿ ನೋಡಿದಾಗ, ಆರು ವಾರದಲ್ಲಿ ಮೊದಲ ಸಲ, ಒದ್ದೆ ಮಣ್ಣಿನಲ್ಲಿ ಅವಳ ಹೆಜ್ಜೆ ಮೂಡಿತ್ತು.