ಗದಿಗೆಪ್ಪನ ಬೇರು

“ಏನಪಾ ಗದಿಗೆಪ್ಪ, ನಮ್ಮನಿ ಒಳ್ಳಕಲ್ಲೂ ನಿನಗಿಂತ ಚುರುಕೈತಿ!”

ಫಕೀರವ್ವ ಎಲ್ಲರೆದುರೇ ಹೀಗಂದಾಗ ಸುತ್ತ ಕೂತ ಮುದುಕ ಮುದುಕಿಯರು ಬೊಚ್ಚುಬಾಯಿ ತೆರೆದು ನಕ್ಕರು. ಗದಿಗೆಪ್ಪ ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡ. ಅಂಗಾಲಿನಿಂದ ಇಳಿದ ಬೇರುಗಳು ನೆಲ ಕಚ್ಚಿದ್ದವು.

ಆ ಊರಲ್ಲಿ ವಯಸ್ಸಾದವರ ಮನಸ್ಸು ಕುಗ್ಗಿದರೆ ಕಾಲಿಗೆ ಬೇರು ಬರುವುದು ಮಾಮೂಲು. ಹೆಂಡತಿ ಹೋದಮೇಲೆ ನಿವೃತ್ತ ಕಂಡಕ್ಟರ್ ಗದಿಗೆಪ್ಪ ಹಿತ್ತಲಲ್ಲಿ ನಿಂತವನು ನಿಂತೇ ಬಿಟ್ಟಿದ್ದ. ನೆರೆಯವರು ಅವನನ್ನು ಮಣ್ಣಿನ ಹೆಂಟೆ ಸಮೇತ ಅಗೆದು, ತಳ್ಳುಗಾಡಿಯಲ್ಲಿ ಈ ಸೋಮವಾರದ ಗುಂಪಿಗೆ ತಂದು ನೆಟ್ಟಿದ್ದರು. ಇಲ್ಲಿ ಗುಳಿಗೆಯಿಲ್ಲ, ಸೂಜಿಯಿಲ್ಲ. ಒಬ್ಬರು ಕೆಣಕಬೇಕು, ಕೆಣಕಿಸಿಕೊಂಡವರು ತಿರುಗಿ ಜವಾಬು ಕೊಡಬೇಕು. ಮಳೆ ಹಿಡಿಯುವ ಮೊದಲು ಬೇರು ಕಳಚದಿದ್ದರೆ ಮೈಗೆಲ್ಲ ತೊಗಟೆ ಬರುತ್ತದೆ. ಆಮೇಲೆ ಸುತ್ತ ಕಟ್ಟೆ ಕಟ್ಟುವುದೊಂದೇ ಬಾಕಿ. ಆಗಲೇ ಮೋಡ ಕವಿದಿತ್ತು.

“ನನ್ನ ಕೋಳಿಗೆ ಅರ್ಧ ಟಿಕೀಟು ಹರದಾಂವ ನೀನ ಅಲ್ಲೇನು?” ಫಕೀರವ್ವ ಬಿಡಲಿಲ್ಲ.

ಗದಿಗೆಪ್ಪನ ತುಟಿ ಅಲುಗಿತು. “ಕೋಳಿ ಪಾಪ ಸುಮ್ನ ಕುಂತಿತ್ತವ್ವ. ಆ ಟಿಕೀಟು ನಿನ್ನ ಬಾಯಿಗೆ.”

ಗುಂಪು ಉರುಳಾಡಿ ನಕ್ಕಿತು, ಫಕೀರವ್ವನೇ ಎಲ್ಲರಿಗಿಂತ ಜೋರಾಗಿ. ಗದಿಗೆಪ್ಪನಿಗೂ ನಗು ಉಕ್ಕಿ ಕೆಮ್ಮು ಬಂತು. ಬೇರುಗಳು ಪಟಪಟನೆ ಕಳಚಿದವು.

“ನಕ್ಕರ ಆತೇನು? ಆ ಚಹಾದಂಗಡಿತನಕ ನಡಿಯಾಕ ನಿಮ್ಮಪ್ಪ ಬರಬೇಕು!” ಎಂದಳು ಫಕೀರವ್ವ.

ಖಾರದ ಜವಾಬು ಗದಿಗೆಪ್ಪನ ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಬಲಗಾಲು ತಾನಾಗಿ ಮೇಲೆದ್ದಿತು. “ಏ, ಜವಾಬು ಕೊಟ್ಟು ಹೋಗಲೇ!” ಎಂದು ಇಡೀ ಗುಂಪು ಚಪ್ಪಾಳೆ ತಟ್ಟಿ ಕೂಗುತ್ತಿದ್ದರೂ ಗದಿಗೆಪ್ಪ ಮಾತು ನುಂಗಿಕೊಂಡು, ಹೆಜ್ಜೆಹೆಜ್ಜೆಗೂ ಮಣ್ಣುದುರಿಸುತ್ತ ಚಹಾದಂಗಡಿ ಕಡೆಗೆ ನಡೆದೇಬಿಟ್ಟ.