ಏಳನೆಯ ಮೂಗು

ಲ್ಯಾಬಿನಲ್ಲಿ ಹೋಲಿಕೆಗೆಂದು ವೈರಸ್ ಕೊಡದೆ ಬೇರೆ ಕೋಣೆಯಲ್ಲಿಟ್ಟಿದ್ದ ಫೆರೆಟ್ ಸೀನಿತು. ನಮ್ಮ ಶೀತವನ್ನು ತಟ್ಟನೆ ಅಂಟಿಸಿಕೊಳ್ಳುವ, ಮುಂಗುಸಿಯಂಥ ಪ್ರಾಣಿ ಅದು. ಎಂಟು ತಿಂಗಳ ಪ್ರಯೋಗ ನೀರುಪಾಲಾಯಿತು.

"ಯಾರ್ರೀ ಶೀತ ಹೊತ್ಕೊಂಡು ಒಳಗೆ ಬಂದಿದ್ದು? ಎಲ್ಲರ ಮೂಗೂ ಪರೀಕ್ಷೆ ಆಗ್ಲಿ!" ದೊಡ್ಡ ಡಾಕ್ಟರು ಕೂಗಾಡಿದರು. ಪ್ರಾಣಿಗಳನ್ನು ನೋಡಿಕೊಳ್ಳುವವಳು ಹತ್ತಿಕಡ್ಡಿಗಳನ್ನು ತಂದಳು. ಹೋದ ವರ್ಷ ಹೀಗೇ ಆದಾಗ, ಇದೇ ಕೆಲಸದಲ್ಲಿದ್ದ ಅವಳ ಅಕ್ಕನನ್ನು ಯಾವ ಪರೀಕ್ಷೆಯೂ ಇಲ್ಲದೆ ಇವರೇ ನಿಂತ ಕಾಲಲ್ಲೇ ಕೆಲಸ ಬಿಡಿಸಿ ಮನೆಗೆ ಕಳಿಸಿದ್ದರು.

ಆರು ಜನರ ಮೂಗು ಮುಗಿಯಿತು. ಏಳನೆಯ ಕಡ್ಡಿ ಬಿಚ್ಚಿ ಅವಳು ಡಾಕ್ಟರ ಎದುರು ನಿಂತಳು.

"ನಂದ್ಯಾಕಮ್ಮ?"

"ಎಲ್ಲರದೂ ಅಂದ್ರಲ್ಲ ಸಾರ್. ಮೊನ್ನೆ ಫೋಟೋಗೆ ಅಂತ ಮಾಸ್ಕ್ ತೆಗೆದು ಈ ಫೆರೆಟ್ಟನ್ನ ಎತ್ಕೊಂಡಿದ್ರಿ. ಫೋಟೋ ಹೊರಗೆ ಗೋಡೆ ಮೇಲೇ ಇದೆ. ಅದ್ರಲ್ಲಿ ನಿಮ್ಮ ಮೂಗು ಕೆಂಪಗಿದೆ ನೋಡಿ."

ಡಾಕ್ಟರು ಹಿಂದೆ ಸರಿದರು. ಕೊಸರಾಡುವ ಫೆರೆಟ್ಟನ್ನು ದಿನಾ ಹಿಡಿಯುವಂತೆಯೇ ಅವಳ ಎಡಗೈ ಅವರ ಹಿಂಗತ್ತನ್ನು ಹಿಡಿಯಿತು.

"ಅಲ್ಲಾಡಬೇಡಿ ಸಾರ್. ನಮ್ಮಕ್ಕ ಹೇಳ್ಕೊಟ್ಟಿದ್ದು. ಹೀಗೆ ಹಿಡಿದ್ರೆ ಎಂಥಾದ್ದೂ ಸುಮ್ಮನಾಗತ್ತೆ."

ಡಾಕ್ಟರು ಸುಮ್ಮನಾದರು. ಅವಳು ಕಡ್ಡಿಯನ್ನು ಬೇಕಾದ್ದಕ್ಕಿಂತ ತುಸು ಒಳಗೇ ತಳ್ಳಿದಳು.